ಅಮ್ಮನ ಕಾಲಿನ ಮುಳ್ಳು

ನಮ್ಮಪ್ಪನನ್ನು ಹೊಗಳುವವರು ಮನೆಗೆ ಬಂದರೆ ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋಗಿಬಿಡುತ್ತೇನೆ. ಹೊಗಳಿಕೆ ಸುಳ್ಳೆಂದಲ್ಲ. ಅದರ ಒಂದೊಂದು ಮಾತೂ ನಿಜ. ನಿಜವಾದ್ದರಿಂದಲೇ ನನಗೆ ಕೂತು ಕೇಳುವುದಕ್ಕಾಗುವುದಿಲ್ಲ. ಹೋದ ತಿಂಗಳು ನಮ್ಮ ಸಭೆಯ ಹೊಸ ಪಾದ್ರಿಗಳು, ಇನ್ನೂ ಮೀಸೆ ಸರಿಯಾಗಿ ಬಲಿಯದವರು, "ಅಮ್ಮಾ, ಮುಂದಾಳಾಗುವವನಿಗೆ ನಡತೆ ಎಷ್ಟು ಮುಖ್ಯ, ಜನರ ನಂಬಿಕೆ ಎಷ್ಟು ಮುಖ್ಯ ಅಂತ ನಿಮ್ಮ ತಂದೆಯವರನ್ನು ನೆನೆದು ಯುವಕರಿಗೆ ನಾಲ್ಕು ಮಾತು ಹೇಳಿ" ಎಂದು ಕೇಳಿಕೊಂಡರು. ಮಂಡಿನೋವು ಎಂದು ಹೇಳಿ ತಪ್ಪಿಸಿಕೊಂಡೆ. ಮಂಡಿನೋವು ಇರುವುದು ಹೌದು, ಆದರೆ ಮಾತಾಡುವುದಕ್ಕೆ ಮಂಡಿ ಬೇಕಾಗಿಲ್ಲ ಎಂದು ಅವರಿಗೂ ಗೊತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಶಿರಾದಲ್ಲಿ ಉಪದೇಶಿಯಾಗಿದ್ದರು. ವಾರವೆಲ್ಲ ಮಿಷನ್ನಿನ ಸಣ್ಣ ಶಾಲೆಯಲ್ಲಿ ಮಗ್ಗಿ ಹೇಳಿಕೊಡುವುದು, ಭಾನುವಾರ ನಮ್ಮ ಬೆರಳೆಣಿಕೆಯ ಕ್ರೈಸ್ತ ಕುಟುಂಬಗಳಿಗೆ ಪ್ರಾರ್ಥನೆ ನಡೆಸುವುದು ಅವರ ಕೆಲಸ. ಊರಿನವರಿಗೆ ಅವರು ಮೇಷ್ಟ್ರು, ಸಾಬರ ಬೀದಿಗೆ ಮಾಸ್ಟರ್ ಸಾಬ್. ಎತ್ತರದ ಆಳು, ಸಣ್ಣ ದನಿ. ಯಾರಿಗಾದರೂ ಬರುತ್ತೇನೆಂದು ಮಾತು ಕೊಟ್ಟರೆ ಮೈಯಲ್ಲಿ ಜ್ವರವಿದ್ದರೂ ಹುಲಿಕುಂಟೆಯವರೆಗೆ ನಡೆದು ಹೋಗಿ ಬರುತ್ತಿದ್ದರು. ಅಮ್ಮ ಪಾವಗಡದ ಕಡೆಯವಳು. ಅವಳ ಕನ್ನಡ ಅರ್ಧ ತೆಲುಗು, ಎರಡು ಮಾತಿಗೊಂದು 'ಕದಾ', ಅಂದರೆ 'ಅಲ್ಲವಾ'. "ನಿಮ್ಮಪ್ಪನಿಗೆ ಸುಳ್ಳು ಹೇಳಕ್ಕೆ ಬರಲ್ಲ ಕದಾ ಪಾಪಾ, ಸಾರು ಚೆಂದಾಗಿಲ್ಲ ಅಂದ್ರೆ ಚೆಂದಾಗಿಲ್ಲ ಅಂತಾನೇ ಅಂತಾರೆ. ಇಂಥೋರ ಜೊತೆ ಸಂಸಾರ ಮಾಡಕ್ಕೆ ಗುಂಡಿಗೆ ಬೇಕು" ಎಂದು ಅವರ ಎದುರಿಗೇ ಅನ್ನುತ್ತಿದ್ದಳು. ಅಪ್ಪ ನಗುತ್ತಿದ್ದರು. ಸಾರು ಚೆನ್ನಾಗಿದೆ ಎಂದು ಮಾತ್ರ ಹೇಳುತ್ತಿರಲಿಲ್ಲ.

ಆಗ ಮೈಸೂರು ಮಹಾರಾಜರ ಆಳ್ವಿಕೆ. ಪ್ಲೇಗು ಮಾರಿ ವರ್ಷಬಿಟ್ಟು ವರ್ಷ ಬರುತ್ತಿದ್ದ ಕಾಲ. ನಾನು ಎರಡು ಜಡೆ ಹಾಕಿಕೊಳ್ಳುವ ವಯಸ್ಸಿನವಳಾಗಿದ್ದಾಗ, ರಾಗಿ ಕೊಯ್ಲು ಮುಗಿದ ಚಳಿಗಾಲದಲ್ಲಿ ಶಿರಾದ ಮನೆಗಳಲ್ಲಿ ಇಲಿ ಸತ್ತು ಬಿದ್ದವು. ಇಲಿ ಬಿದ್ದವು ಎಂದರೆ ಸಾಕು, ಊರು ಖಾಲಿ. ಎಲ್ಲರೂ ಮನೆಗೆ ಬೀಗ ಹಾಕಿ, ಊರಾಚೆಯ ಬಯಲಿನಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿಕೊಂಡು ಕೂತರು. ಶಾನುಭೋಗರ ಪಕ್ಕದಲ್ಲಿ ಅಗಸರು, ಅವರ ಪಕ್ಕದಲ್ಲಿ ಸಾಬರು, ಸಾಲಿನ ಕೊನೆಯಲ್ಲಿ ನಾವು. ಇನ್ನೂ ದೂರದಲ್ಲಿ, ಕಳ್ಳಂಬೆಳ್ಳದ ದಾರಿಯಲ್ಲಿ, ರೋಗ ಹತ್ತಿದವರನ್ನು ಇಡುವ ಸರ್ಕಾರದ ಕ್ಯಾಂಪು. ಅಲ್ಲಿಗೆ ಮನೆಯವರು ಯಾರೂ ಹೋಗುವಂತಿರಲಿಲ್ಲ.

ಮೊದಲು ಪೊಲೀಸರು ಬಂದು ಗುಡಿಸಲು ಗುಡಿಸಲಿಗೆ ನುಗ್ಗಿ ರೋಗಿಗಳನ್ನು ಎಳೆದುಕೊಂಡು ಹೋದರು. ಜನ ರೋಗಿಗಳನ್ನು ಬಚ್ಚಿಡುವುದಕ್ಕೆ ಶುರುಮಾಡಿದರು. ಒಬ್ಬ ಮುದುಕಿಯನ್ನು ರಾಗಿ ತುಂಬುವ ಹಗೇವಿನೊಳಗೆ ಇಳಿಸಿ ಮೇಲೆ ಕಲ್ಲು ಮುಚ್ಚಿದ್ದರು; ಅವಳು ಪ್ಲೇಗಿನಿಂದ ಸಾಯಲಿಲ್ಲ, ಉಸಿರು ಕಟ್ಟಿ ಸತ್ತಳು. ಆಮೇಲೆ ಅಮಲ್ದಾರರು ಅಪ್ಪನನ್ನು ಕರೆಸಿದರು. "ನಿಮ್ಮ ಮಾತನ್ನು ಎಲ್ಲ ಜಾತಿಯವರೂ ನಂಬುತ್ತಾರಂತೆ, ನೀವು ಹೋಗಿ ಕೇಳಿ" ಎಂದರು. ಅಪ್ಪ ಒಪ್ಪಿಕೊಂಡರು, ಆದರೆ ಒಂದು ಕರಾರು ಹಾಕಿದರು. ಪೊಲೀಸರು ಬಯಲಿಗೆ ಕಾಲಿಡಬಾರದು. ಜ್ವರವೂ ಗಡ್ಡೆಯೂ ಇದ್ದವರನ್ನು ನಾನೇ ಕೈಹಿಡಿದು ಕ್ಯಾಂಪಿಗೆ ಕರೆದೊಯ್ಯುತ್ತೇನೆ. ಶಾನುಭೋಗರ ಮನೆಯಾದರೂ ಸರಿ, ಸಾಹುಕಾರರ ಮನೆಯಾದರೂ ಸರಿ, ನನ್ನ ಮನೆಯಾದರೂ ಸರಿ.

ಅಮ್ಮನಿಗೆ ಸಿಟ್ಟು ಬಂತು. "ನಮ್ಮನೆ ಮಾತು ಯಾಕೆ ಎತ್ತಿದ್ರಿ? ಬೇರೆ ಮಾತೇ ಸಿಗ್ಲಿಲ್ವಾ?"

"ನಮ್ಮನೇನ ಬಿಟ್ಟು ಬೇರೆಯೋರ ಬಾಗಿಲಲ್ಲಿ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಳಲಿ?" ಎಂದರು ಅಪ್ಪ. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಆಗಬಾರದು."

ಅಂದಿನಿಂದ ಅಪ್ಪನ ದಿನಚರಿ ಹೀಗಿತ್ತು. ಬೆಳಗ್ಗೆ ಸಾಲಿನ ಆ ತುದಿಯಿಂದ ಈ ತುದಿಗೆ ನಡೆದು ಬರುವುದು. ಪ್ರತಿ ಮನೆಯವರೂ ಹೊರಗೆ ಬಂದು ಬಾಗಿಲಲ್ಲಿ ನಿಲ್ಲಬೇಕು. ನಿಲ್ಲಲಾರದವರು ಯಾರೋ ಅವರ ಹತ್ತಿರ ಕೂತು ಮಾತಾಡಿಸುವುದು. ಹಗಲು ಕ್ಯಾಂಪಿನಲ್ಲಿ ರೋಗಿಗಳಿಗೆ ನೀರು ಕೊಡುವುದು, ಕೈ ಹಿಡಿದುಕೊಂಡಿರುವುದು. ಸಂಜೆ ಬಯಲಿನ ಅಂಚಿನ ಹುಣಸೆಮರದ ಕೆಳಗೆ ನಿಂತು ಸುದ್ದಿ ಹೇಳುವುದು. ಕ್ಯಾಂಪಿನ ಬಟ್ಟೆಯಲ್ಲಿ ಇರುತ್ತಿದ್ದರಿಂದ ಜನ ಒಂದು ಹಗ್ಗದ ಆಚೆ ನಿಲ್ಲಬೇಕಾಗಿತ್ತು. ಗುಡಿಸಲಿನ ಸಾಲು ಹೇಗಿದೆಯೋ ಹಾಗೆಯೇ ಸರದಿ. ಯಾರಿಗೂ ಮುಂಚೆ ಇಲ್ಲ, ಯಾರಿಗೂ ಪಿಸುಮಾತಿಲ್ಲ. "ನಿನ್ನ ಮಗ ಇವತ್ತು ಗಂಜಿ ಕುಡಿದ. ನಿನ್ನ ಗಂಡನಿಗೆ ಪ್ರಜ್ಞೆ ಇಲ್ಲ, ನಾಳೆ ಕಾಣೋದು ಕಷ್ಟ." ಒಳ್ಳೆಯದನ್ನು ಉಬ್ಬಿಸುತ್ತಿರಲಿಲ್ಲ, ಕೆಟ್ಟದ್ದಕ್ಕೆ ಬೆಲ್ಲ ಸವರುತ್ತಿರಲಿಲ್ಲ. ರಾತ್ರಿ ಸ್ನಾನ ಮಾಡಿ ಬಟ್ಟೆ ಬದಲಿಸಿದರೂ ನಮ್ಮ ಜೊತೆ ಮಲಗುತ್ತಿರಲಿಲ್ಲ. ಮರದ ಬುಡದಲ್ಲೇ ಒಂದು ಚಾಪೆ. ಆ ಬಯಲಿನಲ್ಲಿ ಎಲ್ಲರಿಗೂ ಅವರು ಸಿಗುತ್ತಿದ್ದರು, ನಮಗೆ ಒಂದು ಗುಕ್ಕು ಅನ್ನದ ಹೊತ್ತಿಗೂ ಸಿಗುತ್ತಿರಲಿಲ್ಲ.

ಒಂದು ಭಾನುವಾರ ಅದೇ ಮರದ ಕೆಳಗೆ ಪ್ರಾರ್ಥನೆ ಮಾಡಿಸುವಾಗ ಕುರಿಗಾಹಿಯ ಮಾತು ತೆಗೆದರು. "ಹಿಂದಿನಿಂದ ಕೋಲು ಬೀಸಿದರೆ ಕುರಿ ಚೆದುರುತ್ತವೆ. ಮುಂದೆ ಹೋಗಿ ಕೂಗಿದರೆ ಬರುತ್ತವೆ. ನಮ್ಮ ಕರ್ತನು ಮುಂದೆ ಹೋದವನು. ತಾನು ಕಾಲಿಡದ ದಾರಿಗೆ ಯಾರನ್ನೂ ಕಳಿಸಲಿಲ್ಲ" ಎಂದರು. ನಮ್ಮವರು ಮಾತ್ರವಲ್ಲ, ಹಗ್ಗದ ಆಚೆ ಸುಮ್ಮನೆ ಬಂದು ಕೂತಿದ್ದ ಕುರುಬರೂ ತಲೆಯಾಡಿಸಿದರು. ಅವರಿಗೆ ಅದು ಧರ್ಮದ ಮಾತಲ್ಲ, ಕಸುಬಿನ ಮಾತು.

ಈಗ ಮುಳ್ಳಿನ ವಿಷಯ. ನಮ್ಮ ಸೀಮೆಯಲ್ಲಿ ಜಾಲಿ ಮುಳ್ಳು ಚುಚ್ಚಿಸಿಕೊಳ್ಳದ ಕಾಲಿಲ್ಲ. ಮುಳ್ಳು ಒಳಗೆ ಮುರಿದು ಕೀವಾದರೆ ತೊಡೆಸಂದಿಯಲ್ಲಿ ಗಡ್ಡೆ ಕಟ್ಟುತ್ತದೆ, ಜ್ವರವೂ ಬರುತ್ತದೆ. ಪ್ಲೇಗಿನ ಗಡ್ಡೆ ಏಳುವುದೂ ಅಲ್ಲೇ. ಹಾಗಾಗಿ ಆ ಬಯಲಿನಲ್ಲಿ ಗಡ್ಡೆ ಕಂಡ ಪ್ರತಿಯೊಂದು ಮನೆಯಲ್ಲೂ ಒಂದೇ ಮಾತು: "ಮುಳ್ಳು ಕಣ್ ಮೇಷ್ಟ್ರೇ." ಮಗನಿಗೂ ಮುಳ್ಳು, ಅತ್ತೆಗೂ ಮುಳ್ಳು, ವಾರದಿಂದ ಚಾಪೆ ಬಿಟ್ಟೇಳದ ಮುದುಕನಿಗೂ ಮುಳ್ಳು. ಜನ ಸುಳ್ಳು ಹೇಳುತ್ತಿದ್ದರೆಂದು ನಾನು ಹೇಳಲಾರೆ. ಹಾಗೆಂದು ನಂಬುವುದೊಂದೇ ಅವರಿಗೆ ಉಳಿದಿತ್ತು. ಅಪ್ಪ ಒಂದು ಸಲವೂ ಆ ಮಾತನ್ನು ಒಪ್ಪಲಿಲ್ಲ. ಒಬ್ಬರದು ಒಪ್ಪಿದರೆ ಎಲ್ಲರದನ್ನೂ ಒಪ್ಪಬೇಕು.

ಕಂಬಳಿ ವ್ಯಾಪಾರದ ಮುದುಕ ಸಾಬರೊಬ್ಬರಿದ್ದರು. ಅವರಿಗೆ ಇದ್ದವಳು ಒಬ್ಬಳೇ ಮೊಮ್ಮಗಳು, ನನ್ನ ವಯಸ್ಸಿನವಳು. ಅವಳಿಗೆ ಗಡ್ಡೆ ಕಂಡಾಗ ಸಾಬರು ಅಪ್ಪನ ಕಾಲು ಹಿಡಿದುಕೊಂಡರು. "ಕಾಂಟಾ, ಮಾಸ್ಟರ್ ಸಾಬ್! ಬರೀ ಮುಳ್ಳು! ಖುದಾ ಕಸಮ್, ನಾನೇ ಕಿತ್ತಿದ್ದು!"

"ಇರಬಹುದು ಸಾಬರೇ. ಆದರೂ ಕಳಿಸಬೇಕು" ಎಂದರು ಅಪ್ಪ. ಆ ಹುಡುಗಿಯನ್ನು ತಾವೇ ಹೆಗಲಿಗೆ ಹಾಕಿಕೊಂಡು ಹೋದರು. ಅದು ಪ್ಲೇಗೇ ಆಗಿತ್ತು, ಹುಡುಗಿ ಉಳಿಯಲಿಲ್ಲ. ಮರದ ಕೆಳಗೆ ಸುದ್ದಿ ಕೇಳಿ ಸಾಬರು ಎದೆ ಬಡಿದುಕೊಂಡರು. ಆದರೆ ಮಾರನೆಯ ಬೆಳಗ್ಗೆ ಅಪ್ಪ ಸಾಲಿನಲ್ಲಿ ಬರುವಾಗ ಎದ್ದು ನಿಂತು ಸಲಾಮು ಮಾಡಿದರು.

ಇದಾದ ಮೇಲೆ ಅಮ್ಮನೂ ನಾನೂ ಸೌದೆಗೆ ಹೋಗಿದ್ದೆವು. ಅಮ್ಮ ಕಂಕುಳಲ್ಲಿ ನನ್ನ ಪುಟ್ಟ ತಮ್ಮನನ್ನು ಎತ್ತಿಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದವಳು "ಅಮ್ಮಾ!" ಎಂದು ಕೂತಳು. ಹಿಮ್ಮಡಿಯ ಪಕ್ಕ ಜಾಲಿ ಮುಳ್ಳು. ಎಳೆದರೆ ಅರ್ಧ ಬಂತು, ಅರ್ಧ ಒಳಗೇ ಮುರಿಯಿತು. ಗುಡಿಸಲಿಗೆ ಬಂದು ಸೂಜಿಯಲ್ಲಿ ಕೆದಕಿದವಳು ನಾನು. "ಮೆಲ್ಲಗೆ ಪಾಪಾ, ಅದು ಕಾಲು, ಹಲಸಿನಹಣ್ಣಲ್ಲ" ಎಂದು ಅವಳು ನಗುತ್ತಲೇ ಬೈದಳು. ನಾನು ಕಪ್ಪು ತುದಿಯನ್ನು ತೆಗೆದು ನನ್ನ ಅಂಗೈ ಮೇಲೆ ಇಟ್ಟುಕೊಂಡು ಅವಳಿಗೆ ತೋರಿಸಿದೆ. ಅರಿಶಿನ ಹಚ್ಚಿದೆವು. ಆದರೂ ಒಳಗೆ ಏನೋ ಉಳಿದಿತ್ತೆಂದು ಕಾಣುತ್ತದೆ. ಕಾಲು ಊದಿತು, ಆಮೇಲೆ ತೊಡೆಸಂದಿಯಲ್ಲಿ ಗಡ್ಡೆ, ಅದರ ಹಿಂದೆ ಜ್ವರ. "ನಾಳೆ ಇಳಿಯುತ್ತೆ ಕದಾ. ನಿಮ್ಮಪ್ಪನಿಗೆ ಹೇಳ್ಬೇಡ" ಎಂದಳು.

ಮಾರನೆಯ ಬೆಳಗ್ಗೆ ಅಪ್ಪ ಬಂದಾಗ ನಾನು ತಮ್ಮನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅಮ್ಮ ಎದ್ದು ನಿಲ್ಲಲು ನೋಡಿ ಮತ್ತೆ ಕೂತಳು.

"ಎಲ್ಲಿ ನಿಮ್ಮಮ್ಮ?" ಎಂದರು ಅಪ್ಪ. ಒಳಗೆ ಹೋಗಿ ಹಣೆ ಮುಟ್ಟಿದರು. ಗಡ್ಡೆಯ ವಿಷಯ ಕೇಳಿದರು. ಅವಳು ಮುಚ್ಚಿಡಲಿಲ್ಲ; ಆ ಮನುಷ್ಯನ ಹೆಂಡತಿಯಾಗಿ ಅವಳಿಗೂ ಸುಳ್ಳಿನ ಅಭ್ಯಾಸ ತಪ್ಪಿಹೋಗಿತ್ತು. "ಇದೆ. ಆದರೆ ಮುಳ್ಳು ಚುಚ್ಚಿದ್ದು" ಎಂದಳು.

ಹೊರಗೆ ಅಕ್ಕಪಕ್ಕದ ಗುಡಿಸಲಿನವರೆಲ್ಲ ಬಂದು ನಿಂತಿದ್ದರು. ನಾನು ಕಿರುಚಿಕೊಂಡೆ. "ಅಪ್ಪಾ, ಮುಳ್ಳನ್ನ ನಾನೇ ತೆಗೆದೆ! ನನ್ನ ಕಣ್ಣಾರೆ ನೋಡಿದೀನಿ! ಈ ಕೈಯಲ್ಲಿ ಇಟ್ಕೊಂಡಿದ್ದೆ!"

"ಸುಮ್ಮನಿರು ಮಗಾ" ಎಂದರು. ನನ್ನ ಕಡೆ ನೋಡಲಿಲ್ಲ.

ಆಗ ಆ ಮುದುಕ ಸಾಬರು ಮುಂದೆ ಬಂದರು. ಅವರ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಮಾಸ್ಟರ್ ಸಾಬ್, ಬಿಟ್ಬುಡಿ. ಚಿಕ್ಕ ಮಕ್ಕಳ ತಾಯಿ. ಮುಳ್ಳು ಅಂತಿದ್ದಾರೆ, ನಾನು ನಂಬ್ತೀನಿ. ಯಾರೂ ನಿಮ್ಮನ್ನ ಏನೂ ಅನ್ನಲ್ಲ." ಪಕ್ಕದವರೂ ಹೌದು ಹೌದು ಎಂದರು. "ನಮ್ಮವ್ವನಂಗವ್ರೆ, ಬುಡಿ ಮೇಷ್ಟ್ರೇ" ಎಂದು ಅಗಸರವಳು ಅತ್ತಳು.

ಅಪ್ಪ ಸಾಬರ ಕಡೆ ತಿರುಗಿದರು. "ನಿಮ್ಮ ಮೊಮ್ಮಗಳ ದಿನ ನಾನು ಈ ಮಾತು ಒಪ್ಪಲಿಲ್ಲ. ಇವತ್ತು ಹೆಂಗೆ ಒಪ್ಪಲಿ?"

ಅಮ್ಮ ಒಂದೇ ಸಲ ಬೇಡಿಕೊಂಡಳು. "ಮಗು ಇನ್ನೂ ಹಾಲು ಬಿಟ್ಟಿಲ್ಲ ಕದಾ" ಎಂದಳು. ಅಪ್ಪ ತೋಳು ಮುಂದೆ ಚಾಚಿದರು. ಅವಳು ಅವರ ಮುಖವನ್ನೇ ನೋಡಿದಳು, ಬಯಲಿನ ಜನರ ಮುಖ ನೋಡಿದಳು, ಸೆರಗನ್ನು ತಲೆಗೆ ಹೊದ್ದುಕೊಂಡಳು. ತಮ್ಮನನ್ನು ಮುಟ್ಟಲು ಚಾಚಿದ ಕೈಯನ್ನು ತಾನೇ ಹಿಂದಕ್ಕೆ ತೆಗೆದುಕೊಂಡಳು. ಅಪ್ಪನ ತೋಳು ಹಿಡಿದು ಕುಂಟುತ್ತಾ ಹೋದಳು. ಗಂಡನ ತೋಳು ಹಿಡಿದು ಹತ್ತು ಜನರ ಎದುರು ಅವಳು ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಂದಿನಿಂದ ನಾನೂ ತಮ್ಮನೂ ಹಗ್ಗದ ಆಚೆ ನಿಲ್ಲುವವರಾದೆವು. ನಮ್ಮದು ಕೊನೆಯ ಗುಡಿಸಲು, ಕೊನೆಯ ಸರದಿ. ಮೊದಲ ಸಂಜೆ ಅಪ್ಪ ಎಲ್ಲರಿಗೂ ಹೇಳಿ ಮುಗಿಸಿ ನಮ್ಮ ಕಡೆ ತಿರುಗಿ, "ನಿಮ್ಮ ತಾಯಿ ಗಂಜಿ ಕುಡಿದಳು" ಎಂದರು. ಮಾರನೆಯ ಸಂಜೆ ಜ್ವರ ಇಳಿದಿದೆ ಎಂದರು. ಅದರ ಮಾರನೆಯ ಸಂಜೆ ಅವರ ದನಿಯಲ್ಲೇ ಏನೋ ಬೇರೆಯಿತ್ತು: "ಡಾಕ್ಟರು ಗಡ್ಡೆ ಕುಯ್ದರು. ಮುಳ್ಳಿನ ಚೂರು ಸಿಕ್ಕಿತು. ಅವಳಿಗೆ ರೋಗ ಇಲ್ಲ. ಕ್ಯಾಂಪಿಗೆ ಬಂದವರು ಕೆಲವು ದಿನ ಕಾಯಬೇಕು ಅಂತ ಕಾನೂನು. ಆಮೇಲೆ ಕಳಿಸ್ತಾರೆ." ಬಯಲೆಲ್ಲ ಹೋ ಎಂದಿತು. ಅಗಸರವಳು ನನ್ನನ್ನು ಎತ್ತಿ ಮುದ್ದಾಡಿದಳು. ನಾನು ಗುಡಿಸಲು ಸಾರಿಸಿದೆ, ರಂಗೋಲಿಯನ್ನೂ ಹಾಕಿದೆ. ಕ್ರೈಸ್ತರ ಮನೆಗೆ ರಂಗೋಲಿ ಯಾಕೆಂದು ಆಗ ಯಾರೂ ಕೇಳಲಿಲ್ಲ.

ಆಮೇಲೊಂದು ಸಂಜೆ, "ಜ್ವರ ಮತ್ತೆ ಬಂದಿದೆ. ಈಗ ಕಂಕುಳಲ್ಲಿ ಗಡ್ಡೆ" ಎಂದರು. ನನಗೆ ಅರ್ಥವಾಗಲಿಲ್ಲ. ಕಂಕುಳಿಗೆ ಯಾವ ಮುಳ್ಳು ಚುಚ್ಚುತ್ತದೆ ಎಂದು ಯೋಚಿಸಿದೆ.

ಕೊನೆಯ ಸಂಜೆ ಅಪ್ಪ ಯಾವತ್ತಿನ ಹಾಗೇ ಸಾಲಿನ ಆ ತುದಿಯಿಂದ ಶುರುಮಾಡಿದರು. ಶಾನುಭೋಗರ ತಮ್ಮನಿಗೆ ಹೇಗಿದೆ ಎಂದು ಹೇಳಿದರು. ಅಗಸರ ಮಗ ಗೆದ್ದ, ನಾಳೆ ಬರುತ್ತಾನೆ ಎಂದರು. ಆ ತಾಯಿ ನೆಲಕ್ಕೆ ಹಣೆ ಹಚ್ಚಿದಾಗ ಅವರ ತುಟಿ ಒಂದಿಷ್ಟು ನಕ್ಕಂತೆಯೂ ಆಯಿತು. ಅದನ್ನು ನೋಡಿ ನಾನು ಧೈರ್ಯ ತಂದುಕೊಂಡೆ. ಒಬ್ಬೊಬ್ಬರದೇ ಮುಗಿದು ನಮ್ಮ ಸರದಿ ಬಂತು.

"ನಿಮ್ಮ ತಾಯಿ ಮಧ್ಯಾಹ್ನ ತೀರಿಕೊಂಡಳು."

ಬೇರೆಯವರಿಗೆ ಹೇಳುತ್ತಿದ್ದ ಅದೇ ದನಿ. ನಂತರ ಅವರು ಜನರ ಕಡೆ ತಿರುಗಿದರು. "ನೀವೆಲ್ಲ ಇನ್ನೊಂದು ಮಾತು ಕೇಳಬೇಕು. ಅವಳು ಕ್ಯಾಂಪಿಗೆ ಹೋದಾಗ ಅವಳಿಗೆ ಪ್ಲೇಗ್ ಇರಲಿಲ್ಲ. ಅಲ್ಲಿ ಹತ್ತಿತು. ಕರಕೊಂಡು ಹೋದೋನು ನಾನು." ಇಷ್ಟು ಹೇಳಿ ಕೈ ಇಳಿಬಿಟ್ಟುಕೊಂಡು ನಿಂತರು. ಮೈಮೇಲೆ ಕ್ಯಾಂಪಿನ ಬಟ್ಟೆ. ನಮ್ಮನ್ನು ಮುಟ್ಟುವಂತಿರಲಿಲ್ಲ. ನನ್ನ ತಮ್ಮ "ಅಪ್ಪಾ" ಎಂದು ಹಗ್ಗದ ಕೆಳಗೆ ನುಸುಳಲು ಹೋದ. ಅಪ್ಪ ಹಿಂದೆ ಹಿಂದೆ ಹೆಜ್ಜೆ ಇಟ್ಟರು. ಆ ಮಗುವನ್ನು ಎತ್ತಿ ಎದೆಗೆ ಅವಚಿಕೊಂಡವರು ಮುದುಕ ಸಾಬರು.

ಮಾರನೆಯ ಬೆಳಗ್ಗೆ ಅಪ್ಪ ಬರುವುದಿಲ್ಲ ಎಂದು ಜನ ಅಂದುಕೊಂಡಿದ್ದರು. ಬಂದರು. ಸಾಲಿನ ನಡುವಿನ ಒಂದು ಗುಡಿಸಲಲ್ಲಿ ಬಸುರಿ ಹೆಂಗಸೊಬ್ಬಳಿಗೆ ಜ್ವರ, ತೊಡೆಸಂದಿಯಲ್ಲಿ ಗಡ್ಡೆ. "ಮುಳ್ಳು ಕಣ್ ಮೇಷ್ಟ್ರೇ" ಎಂದುಬಿಟ್ಟಳು. ಬಾಯಿಂದ ಬಿದ್ದ ಮೇಲೆ ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ತಾನೇ ಎದ್ದಳು. "ನಿಮ್ಮನೆಯವ್ರೇ ಹೋದ್ರಂತೆ. ನೀವು ಬಾ ಅಂದ್ರೆ ನಾನೂ ಬತ್ತೀನಿ" ಎಂದಳು.

ಅಪ್ಪ ಅವಳನ್ನು ಅಲ್ಲೇ ಕೂರಿಸಿದರು. ಗಂಡಸರನ್ನು ಕರೆದು, ಬಯಲಿನ ಮೂಲೆಯಲ್ಲಿ ಒಂಟಿ ಗುಡಿಸಲು ಹಾಕಿ ಎಂದರು. ಅನುಮಾನ ಇದ್ದವರು ಮೊದಲು ಅಲ್ಲಿರಲಿ, ಡಾಕ್ಟರೇ ಬಂದು ನೋಡಲಿ, ಆಮೇಲೆ ಕ್ಯಾಂಪು. ನಾಲ್ಕು ಗಳ, ಒಂದಷ್ಟು ಗರಿ. ಊಟದ ಹೊತ್ತಿಗೆ ಗುಡಿಸಲು ಎದ್ದು ನಿಂತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮ ಹೆಂಗಸರು ಒಲೆ ಮುಂದೆ ಕೂತು ಹೇಳುವ ಗಾದೆ. ಅಷ್ಟು ಸುಲಭದ ಗುಡಿಸಲು ಅದು. ಒಂದು ವಾರ ಮೊದಲು ಎದ್ದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಲು ನನಗೆ ಯಾವ ಮಗ್ಗಿಯೂ ಬೇಕಿರಲಿಲ್ಲ. ಆ ಬಸುರಿಗೆ ಮುಳ್ಳೇ ಆಗಿತ್ತು. ಬದುಕಿದಳು, ಹೆತ್ತಳು. ಅವಳನ್ನು ಕಂಡರೆ ನನಗೆ ಸಂತೋಷವೂ ಆಗುತ್ತಿತ್ತು, ಹೊಟ್ಟೆಯೊಳಗೆ ಬೆಂಕಿಯೂ ಬೀಳುತ್ತಿತ್ತು.

ಆಮೇಲೆ ಆ ಬಯಲಿನಲ್ಲಿ ಯಾರೂ ರೋಗಿಯನ್ನು ಬಚ್ಚಿಡಲಿಲ್ಲ. ಪ್ಲೇಗು ಹೋಗಿ ಜನ ಮನೆಗಳಿಗೆ ಮರಳಿದ ಮೇಲೂ, ಹೊಲದ ಗಡಿಯ ಜಗಳವಿರಲಿ, ಅಣ್ಣತಮ್ಮಂದಿರ ಪಾಲಿರಲಿ, ಸಾಬರ ಬೀದಿಗೂ ಲಿಂಗಾಯತರ ಬೀದಿಗೂ ಬಾವಿಯ ತಕರಾರಿರಲಿ, ಎಲ್ಲವೂ ನಮ್ಮ ಜಗುಲಿಗೇ ಬಂತು. "ಮೇಷ್ಟ್ರು ಹೇಳಿದ್ರೆ ಆಯ್ತು ಬುಡು" ಎಂಬ ಮಾತು ಮಧುಗಿರಿಯವರೆಗೂ ಹಬ್ಬಿತು. ಮಿಷನ್ನಿನ ದೊಡ್ಡ ಪಾದ್ರಿಗಳು ಬಂದು, ದೇವರ ಅಪ್ಪಣೆಯಂತೆ ಮಗನನ್ನು ಬಲಿಕೊಡಲು ಬೆಟ್ಟ ಹತ್ತಿದ ಬೈಬಲಿನ ಮೂಲಪಿತೃವಿಗೆ ಅಪ್ಪನನ್ನು ಹೋಲಿಸಿ ಪ್ರಸಂಗ ಮಾಡಿದರು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಆತನಿಗೆ ಕೊನೇ ಗಳಿಗೆಯಲ್ಲಿ ಮಗನ ಬದಲಿಗೆ ಪೊದೆಯಲ್ಲಿ ಟಗರು ಸಿಕ್ಕಿತು ಸ್ವಾಮಿ, ನಮಗೆ ಎಲ್ಲಿ ಸಿಕ್ಕಿತು ಎಂದು ಎದ್ದು ಕೇಳಬೇಕೆನ್ನಿಸಿತು. ಅಪ್ಪ ಆ ಹೊತ್ತೆಲ್ಲ ನೆಲ ನೋಡುತ್ತಿದ್ದರು. ಊರಿಗೆ ಒಬ್ಬ ಮುಂದಾಳು ಸಿಕ್ಕಿದ. ಅದರ ಬೆಲೆಯನ್ನು ನನ್ನ ಅಮ್ಮ ತೆತ್ತಿದ್ದಳು; ಅವಳ ಮಾತನ್ನು ಯಾವ ಪ್ರಸಂಗದಲ್ಲೂ ಯಾರೂ ಆಡಲಿಲ್ಲ.

ಅಪ್ಪ ಮತ್ತೆ ಮದುವೆಯಾಗಲಿಲ್ಲ. ನಮ್ಮನ್ನು ತಾವೇ ಸಾಕಿದರು, ತಲೆ ಬಾಚಿದರು, ಮುದ್ದೆ ಕೂಡಿಸುವುದನ್ನು ಕಲಿತರು. ಕೆಟ್ಟ ಮುದ್ದೆ. ನಾನು ಅವರನ್ನು ಪ್ರೀತಿಸಲಿಲ್ಲವೆಂದಲ್ಲ. ಪ್ರೀತಿಸುತ್ತಲೇ ಒಂದು ಪ್ರಶ್ನೆಯನ್ನು ಹಲ್ಲಿನ ಸಂದಿಯಲ್ಲಿ ಇಟ್ಟುಕೊಂಡೇ ದೊಡ್ಡವಳಾದೆ, ಮದುವೆಯಾಗಿ ಕೊರಟಗೆರೆಗೆ ಹೋದೆ, ನನಗೂ ಮಕ್ಕಳಾದರು.

ಅವರ ಕೊನೆಗಾಲದಲ್ಲಿ ನಮ್ಮ ಮನೆಗೇ ಕರೆತಂದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಪ್ರಶ್ನೆ ತಾನಾಗಿ ಹೊರಗೆ ಬಂತು.

"ಅಪ್ಪಾ, ಅವತ್ತು ಮುಳ್ಳನ್ನ ನಾನೇ ತೆಗೆದೆ ಅಂತ ಕೂಗಿಕೊಂಡೆನಲ್ಲ. ನನ್ನ ಮಾತು ನಂಬಿದ್ರಾ?"

ನಂಬಲಿಲ್ಲ ಮಗಾ ಎಂದರೆ ಸಾಕಿತ್ತು. ಚಿಕ್ಕ ಹುಡುಗಿ, ತಾಯಿಯನ್ನು ಉಳಿಸಿಕೊಳ್ಳಲು ಏನೋ ಹೇಳುತ್ತಿದ್ದಾಳೆ ಅಂದುಕೊಂಡೆ ಎಂದಿದ್ದರೆ, ಇಷ್ಟು ವರ್ಷದ ಸಿಟ್ಟನ್ನೆಲ್ಲ ಅಲ್ಲೇ ಕೆಳಗಿಟ್ಟು ಅವರನ್ನು ತಬ್ಬಿಕೊಳ್ಳುತ್ತಿದ್ದೆ. ಆ ಒಂದು ಸುಳ್ಳಿಗಾಗಿ ನಾನು ಬಟ್ಟಲು ಹಿಡಿದುಕೊಂಡು ಕಾಯುತ್ತಿದ್ದೆ. ಅವರಿಗೂ ಅದು ಗೊತ್ತಿತ್ತು ಎಂದು ಅವರ ಕಣ್ಣು ನೋಡಿದರೆ ತಿಳಿಯುತ್ತಿತ್ತು.

"ನಂಬಿದ್ದೆ ಕಣಮ್ಮ" ಎಂದರು.

ಬಟ್ಟಲಲ್ಲಿ ಗಂಜಿ ಇನ್ನೂ ಉಳಿದಿತ್ತು. ಅಪ್ಪ ಬಾಯಿ ತೆರೆದರು, ನಾನು ಕುಡಿಸಿದೆ.